ಉಭಯಲೋಕಾಧೀಶ್ವರನ ದಂಡು

ಮುಂಡರಗಿಯಿಂದ ಹೂವಿನಹಡಗಲಿಯ ಕಡೆ ಹೊರಟವರು ಕೊರ್ಲಹಳ್ಳಿಯ ಬಳಿ ತುಂಗಭದ್ರೆಯನ್ನು ದಾಟುತ್ತಾರೆ. ಈಗ ಅಲ್ಲಿ ಸೇತುವೆ ಇದೆ. ಬಸ್ಸಿನಲ್ಲಿ ಕುಳಿತವರು ಹೊಳೆಗೆ ಕೈಮುಗಿದು ಕಣ್ಣು ತೆರೆಯುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ. 1800ರ ಮುಂಗಾರಿನಲ್ಲಿ ಈ ನೀರು ಬರಿಯ ಹೊಳೆಯಾಗಿರಲಿಲ್ಲ, ಅದು ಗಡಿಯಾಗಿತ್ತು. ಉತ್ತರದ ದಡ ಪುಣೆಯ ಪೇಶ್ವೆಯದು. ಎದುರಿನ ಹಡಗಲಿ, ಹರಪನಹಳ್ಳಿಗಳ ಸೀಮೆ ಟಿಪ್ಪು ಸುಲ್ತಾನನ ಕೈಬಿಟ್ಟು ಹೈದರಾಬಾದಿನ ನಿಜಾಮನ ಪಾಲಿಗೆ ಬಂದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿ ಸರಕಾರದ ವಶವಾಗಲಿತ್ತು. ಒಬ್ಬ ದೊರೆಯ ಹೊಲದಲ್ಲಿ ಬಿತ್ತಿ ಇನ್ನೊಬ್ಬ ದೊರೆಯ ಕಾಲದಲ್ಲಿ ಕೊಯ್ಯುವ ಸ್ಥಿತಿ ರೈತನದು. ಅಂಥ ಕಾಲದಲ್ಲಿ ಕಪ್ಪತಗುಡ್ಡದ ಸುತ್ತಣ ಊರುಗಳ ಮೇಲೆ, ಡಂಬಳ, ಗದಗ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಮೇಲೆ, ಸಿಂಹಾಸನವಿಲ್ಲದ ಒಬ್ಬ ದಳಪತಿ ತನ್ನ ನಿಶಾನಿ ಹಾರಿಸಿದ. ಅವನ ಹೆಸರು ಧೋಂಡಿಯಾ ವಾಘ.

ಅವನು ಹುಟ್ಟಿದ್ದು ಚನ್ನಗಿರಿಯಲ್ಲಿ, ಪವಾರ ಮನೆತನದ ಮರಾಠರಲ್ಲಿ. ವಾಘ ಎಂದರೆ ಹುಲಿ. ಹೈದರ್ ಅಲಿಯ ಕುದುರೆ ದಂಡಿನಲ್ಲಿ ಸಾಮಾನ್ಯ ಸವಾರನಾಗಿ ಸೇರಿ, ಹೈದರನ ಬಳಿಕ ಟಿಪ್ಪುವಿನ ಕೈಕೆಳಗೂ ಮುಂದುವರಿದ. ಮೈಸೂರಿನ ಆ ಕುದುರೆ ದಂಡು ಹಿಂದುಸ್ಥಾನದಲ್ಲೇ ಹೆಸರಾಗಿತ್ತು. ಹಗುರ ಸಾಮಾನು, ಉದ್ದ ನಡಿಗೆ, ಎದುರಾಳಿಯ ಮೇವು ಸುಟ್ಟು ಬಾವಿ ಕೆಡಿಸಿ ಅವನನ್ನು ಹಸಿವಿನಿಂದಲೇ ಸೋಲಿಸುವ ಜಾಣ್ಮೆ, ಇವೆಲ್ಲ ಅಲ್ಲಿಯ ಪಾಠಗಳು. ಧೋಂಡಿಯಾ ಓದಿದ ಶಾಲೆ ಇದೊಂದೇ. ಅವನ ಮುಂದಿನ ಬಾಳನ್ನೆಲ್ಲ ಈ ಪಾಠದ ಬೆಳಕಿನಲ್ಲಿಯೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಇಂಗ್ಲಿಷರು ಅವನನ್ನು ದರೋಡೆಕಾರನೆಂದು ಬರೆದರು. ನಮ್ಮವರಲ್ಲಿ ಕೆಲವರು ಅವನನ್ನು ಸ್ವಾತಂತ್ರ್ಯದ ಮೊದಲ ಕಲಿಯೆಂದು ಕೊಂಡಾಡಿದರು. ಎರಡು ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಅವನು ಮೊದಲಿಗೆ ಸಿಪಾಯಿ, ರಾಜ್ಯ ಮುಳುಗಿದ ಮೇಲೂ ಕುದುರೆಯಿಂದ ಇಳಿಯದ ಸಿಪಾಯಿ.

1790ರಿಂದ 1792ರವರೆಗಿನ ಯುದ್ಧದಲ್ಲಿ ಟಿಪ್ಪುವಿಗೆ ಸೋಲಾಗುತ್ತಿದ್ದಾಗ ಧೋಂಡಿಯಾ ಸಿಕ್ಕಷ್ಟು ಸೊತ್ತನ್ನು ಕಟ್ಟಿಕೊಂಡು ದಂಡು ಬಿಟ್ಟ. ಅವನಿಗೆ ಆಸರೆ ಕೊಟ್ಟವನು ಲಕ್ಷ್ಮೇಶ್ವರದ ದೇಸಾಯಿ. ನಮ್ಮ ಸೀಮೆಯ ಕಥೆಯೊಳಗೆ ಅವನು ಕಾಲಿಟ್ಟದ್ದು ಹೀಗೆ. ದೇಸಾಯಿಗಳಿಗೆ ಅಂಥವರ ಅಗತ್ಯವೂ ಇತ್ತು. ಒಂದೇ ತಲೆಮಾರಿನಲ್ಲಿ ಸವಣೂರಿನ ನವಾಬ, ಪೇಶ್ವೆ, ಹೈದರ್, ಟಿಪ್ಪು, ಮತ್ತೆ ಪೇಶ್ವೆ ಎಂದು ಒಡೆಯರು ಬದಲಾದ ನಾಡು ಇದು. ಮನೆಯಲ್ಲಿ ನಾಲ್ಕು ಕುದುರೆ, ಹತ್ತು ಬಂದೂಕು ಇಲ್ಲದ ದೇಸಾಯಿಯ ಮಾತನ್ನು ಕೇಳುವವರು ಯಾರು? ಲಕ್ಷ್ಮೇಶ್ವರದಲ್ಲಿ ಕುಳಿತ ಧೋಂಡಿಯಾ ಮೆಲ್ಲನೆ ಜನ ಕೂಡಿಸಿದ. 1793ರ ಆರಂಭದಲ್ಲಿ ಹಾವೇರಿಯನ್ನು ಹಿಡಿದ, ಸವಣೂರಿನ ಮೇಲೂ ಕೈಚಾಚಿದ. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ದಂಡೆತ್ತಿ ಬಂದು ಅವನನ್ನು ನಾಡಿನಿಂದ ಹೊರದೂಡಿದ. ಅಂದಿನಿಂದ ಇವರಿಬ್ಬರ ನಡುವೆ ಹಗೆ ಬೇರೂರಿತು.

ಹೋಗಲು ಬೇರೆ ದಾರಿ ಇಲ್ಲದೆ 1794ರಲ್ಲಿ ಸುಮಾರು 200 ಸವಾರರೊಡನೆ ಧೋಂಡಿಯಾ ಮತ್ತೆ ಟಿಪ್ಪುವಿನ ಬಾಗಿಲಿಗೆ ಬಂದ. ಬಿಟ್ಟುಹೋದವನನ್ನು ಸುಲ್ತಾನ ಮರೆತಿರಲಿಲ್ಲ. ಅವನನ್ನು ಮತಾಂತರಿಸಿ ಹೊಸ ಹೆಸರು ಕೊಟ್ಟದ್ದಾಯಿತು, ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸರಪಳಿ ಹಾಕಿದ್ದೂ ಆಯಿತು. ಓಡುವುದೊಂದನ್ನೇ ಬಲ್ಲ ಸವಾರ ವರ್ಷಗಟ್ಟಲೆ ಕಬ್ಬಿಣದ ಕೊಂಡಿಗಳ ನಡುವೆ ಕಾಲ ಕಳೆದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲಲ್ಲಿ ಹೆಣವಾದ. ಆ ಗದ್ದಲದಲ್ಲಿ ಸೆರೆಮನೆಯ ಕದ ತೆರೆಯಿತು, ಧೋಂಡಿಯಾ ಹೊರಬಿದ್ದ. ಗೆದ್ದವರು ಅರಮನೆಯ ಭಂಡಾರ ಎಣಿಸುತ್ತಿದ್ದಾಗ ಅವನು ಬಿದನೂರು ಸೀಮೆಯ ಕಡೆ ಕುದುರೆ ಓಡಿಸಿದ. ಮುಂದಿನದನ್ನು ಅರಿಯಲು ಒಂದು ಸಂಗತಿ ತಿಳಿದಿರಬೇಕು. ಟಿಪ್ಪುವಿನ ರಾಜ್ಯ ಮುರಿದಾಗ ಸಾವಿರಾರು ಸವಾರರು ಒಂದೇ ದಿನದಲ್ಲಿ ಸಂಬಳವಿಲ್ಲದವರಾದರು. ಹೊಸ ಮೈಸೂರು ಸರಕಾರಕ್ಕೆ ಅಷ್ಟು ಕುದುರೆ ಬೇಕಿರಲಿಲ್ಲ. ಸವಾರನ ಕುದುರೆ ಬಹುಪಾಲು ಅವನ ಸ್ವಂತದ್ದು, ಅದೇ ಅವನ ಆಸ್ತಿ, ಅದೇ ಅವನ ಹೊಲ. ಅದಕ್ಕೆ ದಿನವೂ ಹುರುಳಿ ಬೇಕು, ಮೇವು ಬೇಕು. ಮನೆಯಲ್ಲಿ ಕಟ್ಟಿಹಾಕಿದರೆ ಕುದುರೆಯೇ ಒಡೆಯನನ್ನು ತಿಂದುಹಾಕುತ್ತದೆ. ಅಂಥ ನಿರುದ್ಯೋಗಿ ಸವಾರರಿಗೆ ಧೋಂಡಿಯಾ ಒಬ್ಬನೇ ಕೆಲಸ ಕೊಡುವವನಾಗಿ ಕಂಡ. ಅವನ ಹಿಂದೆ ಓಡಿದವರನ್ನೆಲ್ಲ ಕಳ್ಳರೆಂದು ಬರೆದ ಇತಿಹಾಸಕಾರರು ಈ ಹಸಿವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಕರ್ನಲ್ ಸ್ಟೀವನ್ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಅವರ ತುಕಡಿಗಳು ಶಿಕಾರಿಪುರದ ಬಳಿ ಅವನನ್ನು ಸೋಲಿಸಿದವು. ವರದಾ ನದಿ ದಾಟಿ ಮರಾಠರ ಸೀಮೆಗೆ ನುಗ್ಗಿದ ಅವನ ಮೇಲೆ ಹಳೆಯ ಹಗೆ ಗೋಖಲೆ ಬಿದ್ದು ಆನೆ, ಒಂಟೆ, ತೋಪುಗಳನ್ನು ಕಸಿದುಕೊಂಡ. ಇಂಗ್ಲಿಷರ ದಂಡು ಗಡಿಯಲ್ಲೇ ನಿಂತಿತು, ಪೇಶ್ವೆಯ ನೆಲಕ್ಕೆ ಕಾಲಿಡಲು ಅದಕ್ಕೆ ಅಪ್ಪಣೆ ಇರಲಿಲ್ಲ. ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ಮುಂದಿನ ಬೇಸಗೆಯ ಹೊತ್ತಿಗೆ ಧೋಂಡಿಯಾ ಮೊದಲಿಗಿಂತ ದೊಡ್ಡ ದಂಡು ಕಟ್ಟಿಕೊಂಡು ಧಾರವಾಡ ಸೀಮೆಯನ್ನೆಲ್ಲ ಆವರಿಸಿದ್ದ. ತನ್ನನ್ನು ಉಭಯಲೋಕಾಧೀಶ್ವರ, ಎರಡೂ ಲೋಕಗಳ ಒಡೆಯ, ಎಂದು ಕರೆಸಿಕೊಂಡ.

ಈ ಬಿರುದನ್ನು ಓದಿ ಹಲವರು ನಕ್ಕಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದು ಕಾಣುವುದಿಲ್ಲ. ದಂಡಿನವನ ಮಗನಾಗಿ ಹುಟ್ಟಿದ ಹೈದರ್ ಇದೇ ನೆಲದಲ್ಲಿ ದೊರೆಯಾಗಿ ಮೆರೆದದ್ದನ್ನು ಧೋಂಡಿಯಾ ಕಣ್ಣಾರೆ ಕಂಡಿದ್ದ. ಕುದುರೆಯ ಬೆನ್ನಿನಿಂದ ಗದ್ದಿಗೆಗೆ ದಾರಿ ಇದೆಯೆಂಬುದು ಅವನ ಕಾಲಕ್ಕೆ ಕನಸಲ್ಲ, ಅನುಭವ. ಸಂಬಳ ಕೊಡಲು ಖಜಾನೆಯಿಲ್ಲದವನು ಹಿಂಬಾಲಿಸಿದವರಿಗೆ ಕೊಡಬಹುದಾದದ್ದು ಒಂದು ದೊಡ್ಡ ಹೆಸರು, ಒಂದು ದೊಡ್ಡ ಆಸೆ.

ಅವನನ್ನು ಹಿಡಿಯುವ ಕೆಲಸ ಶ್ರೀರಂಗಪಟ್ಟಣದಲ್ಲಿದ್ದ 31 ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಾಲಿಗೆ ಬಂತು. ಅಣ್ಣ ಗವರ್ನರ್ ಜನರಲ್. ಡಚ್ಚರ ಬಟಾವಿಯಾದ ಮೇಲೆ ದಂಡಯಾತ್ರೆಯ ಮುಂದಾಳ್ತನವನ್ನು ಆ ಅಣ್ಣನೇ ಮುಂದಿಟ್ಟಿದ್ದ. ಕೀರ್ತಿ, ಹಣ ಎರಡೂ ಬರುವ ಕೆಲಸ ಅದು. ಧೋಂಡಿಯಾ ಇರುವತನಕ ಮೈಸೂರು ಬಿಟ್ಟು ಹೋಗುವುದು ಸರಿಯಲ್ಲವೆಂದು ವೆಲ್ಲೆಸ್ಲಿ ಇಲ್ಲೇ ಉಳಿದ. ಪುಣೆಯ ಬಾಜಿರಾಯ ಪೇಶ್ವೆ ತನ್ನ ಸೀಮೆಯೊಳಗೆ ಬರಲು ಕಂಪನಿಯ ದಂಡಿಗೆ ಈ ಸಲ ಒಪ್ಪಿಗೆ ಕೊಟ್ಟ.

ವೆಲ್ಲೆಸ್ಲಿ ಬರೆದ ಆ ಕಾಲದ ಪತ್ರಗಳಲ್ಲಿ ಕತ್ತಿಗಿಂತ ಎತ್ತು ಹೆಚ್ಚು, ಮದ್ದಿಗಿಂತ ಅಕ್ಕಿ ಹೆಚ್ಚು. ಧೋಂಡಿಯಾನ ದಂಡು ಊರಿನಿಂದ ಕಿತ್ತು ತಿನ್ನುತ್ತಿತ್ತು. ವೆಲ್ಲೆಸ್ಲಿ ತನ್ನ ಅನ್ನವನ್ನು ಬೆನ್ನಿಗೇ ಕಟ್ಟಿಕೊಂಡು ನಡೆಯಲು ನಿಶ್ಚಯಿಸಿದ. ಆ ಅನ್ನವನ್ನು ಹೊತ್ತವರು ಲಂಬಾಣಿಗರು. ಇಂಗ್ಲಿಷರು ಬ್ರಿಂಜಾರಿಗಳೆಂದು ಕರೆದದ್ದು ಇವರನ್ನೇ. ಸಾವಿರಾರು ಎತ್ತುಗಳ ಬೆನ್ನಿನ ಮೇಲೆ ಕಾಳಿನ ಹೇರು ಹೇರಿ, ಹೆಂಡಿರು ಮಕ್ಕಳೊಡನೆ ದಂಡಿನ ಹಿಂದೆ ಬೀದಿಯಂಥ ಸಾಲು ಕಟ್ಟಿ ನಡೆಯುತ್ತಿದ್ದರು. ಎರಡು ದಂಡುಗಳು ಕಾದಾಡುವಾಗಲೂ ಇವರ ಮೇಲೆ ಕೈಮಾಡಬಾರದೆಂಬ ರೂಢಿಯಿತ್ತು, ಏಕೆಂದರೆ ಇಂದು ಅವರಿಗೆ ಕಾಳು ತಂದವರು ನಾಳೆ ಇವರಿಗೂ ತರುವವರು. ಇಂದು ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಗುಡ್ಡದ ಬದಿಗೆ ತಾಂಡಾಗಳನ್ನು ಕಂಡಾಗ ನನಗೆ ಆ ಎತ್ತುಗಳ ಕೊರಳ ಗಂಟೆ ನೆನಪಾಗುತ್ತದೆ. ದಕ್ಷಿಣ ಹಿಂದುಸ್ಥಾನದ ಯಾವ ಯುದ್ಧದ ಚರಿತ್ರೆಯೂ ಅವರಿಲ್ಲದೆ ಪೂರ್ತಿಯಾಗದು.

ಜೂನ್ ಕೊನೆಯ ವಾರದಲ್ಲಿ ದಂಡು ಹರಿಹರದ ಬಳಿ ಹೊಳೆ ದಾಟತೊಡಗಿತು. ಮಲೆನಾಡಿನಲ್ಲಿ ಮಳೆ ಹಿಡಿದಿತ್ತು. ತುಂಗಭದ್ರೆ ರಾತ್ರಿ ಬೆಳಗಾಗುವುದರೊಳಗೆ ಏರಿ ಬಂದು ದಂಡಿನ ಒಂದು ಭಾಗವನ್ನು ಆಚೆ ದಡದಲ್ಲೇ ತಡೆಯಿತು. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲೇ ಗತಿ. ಅದನ್ನು ಹೇಗೆ ಕಟ್ಟಬೇಕು, ಎಷ್ಟು ಅಗಲವಿರಬೇಕು ಎಂಬುದನ್ನು ವೆಲ್ಲೆಸ್ಲಿ ಮುಂದೆ ಬಿಡಿಸಿ ಬಿಡಿಸಿ ಬರೆದ. ನಮ್ಮ ಅಂಬಿಗರ ವಿದ್ಯೆ ಅವನ ಸೈನ್ಯದ ಪಾಠವಾಯಿತು. ದಾಟಿದಷ್ಟು ಜನರೇ ಜೂನ್ 27ರಂದು ರಾಣೆಬೆನ್ನೂರಿನ ಕೋಟೆಗೆ ಲಗ್ಗೆ ಹತ್ತಿದರು. ಒಳಗಿದ್ದವರಲ್ಲಿ ಬದುಕಿದವರು ಕಡಿಮೆ.

ಇತ್ತ ಧೋಂಡಿಯಾ ತನ್ನ ಅತಿ ದೊಡ್ಡ ಗೆಲುವನ್ನು ಪಡೆದ. ಜೂನ್ 30ರಂದು ಕಿತ್ತೂರಿನ ಸಮೀಪದ ಕಾಡಿನಲ್ಲಿ ಧೋಂಡೋಪಂತ ಗೋಖಲೆಯ ದಂಡಿನ ಹಿಂಭಾಗದ ಮೇಲೆ ಬಿದ್ದು ಅವನನ್ನು ಕೊಂದ. ಗೋಖಲೆಯ ರಕ್ತದಿಂದ ಮೀಸೆಗೆ ಬಣ್ಣ ಹಚ್ಚುವೆನೆಂದು ಹಿಂದೆಯೇ ಶಪಥ ಮಾಡಿದ್ದ, ಅಂದು ಅದನ್ನು ತೀರಿಸಿದ ಎಂದು ಜನ ಹೇಳಿಕೊಂಡರು. ಅಂದು ಗಾಯಗೊಂಡು ತಪ್ಪಿಸಿಕೊಂಡ ಬಾಪು ಗೋಖಲೆ ಮುಂದೆ ಪೇಶ್ವೆಯ ಸೇನಾಪತಿಯಾಗಿ 1818ರಲ್ಲಿ ಆಷ್ಟಿಯ ಕಾಳಗದಲ್ಲಿ ಇಂಗ್ಲಿಷರ ಎದುರು ಮಡಿದ.

ಜುಲೈ 12ರಂದು ವೆಲ್ಲೆಸ್ಲಿ ಸವಣೂರು ಮುಟ್ಟಿದ. ಧೋಂಡಿಯಾ ಎದುರಿಗೆ ಬಂದು, ದಂಡಿನ ಬೀಡನ್ನು ದೂರದಿಂದ ನೋಡಿ, ಕಾದಾಡದೆ ಕುಂದಗೋಳದ ಕಡೆ ತಿರುಗಿದ. ಈ ಒಂದು ಗಳಿಗೆಯಲ್ಲಿ ಅವನ ಒಳ್ಳೆಯ ವಿವೇಕ ಕಾಣುತ್ತದೆ. ಸಾಲುಗಟ್ಟಿ ನಿಂತ ಬಂದೂಕಿಗೆ ಎದೆಯೊಡ್ಡುವ ಹುಚ್ಚು ಅವನಲ್ಲಿರಲಿಲ್ಲ. ಆದರೆ ಅವನ ತಪ್ಪೂ ಆಗಲೇ ಆಗಿಹೋಗಿತ್ತು. ಗಾಳಿಯಂತೆ ತಿರುಗಬೇಕಾದ ಕುದುರೆಯ ದಳಪತಿ ಕಾಳನ್ನೂ ತೋಪನ್ನೂ ಕೋಟೆಗಳಲ್ಲಿ ಇಟ್ಟಿದ್ದ. ಕೋಟೆ ಓಡುವುದಿಲ್ಲ. ವೆಲ್ಲೆಸ್ಲಿ ಕುದುರೆಯ ಬೆನ್ನು ಹತ್ತುವ ಬದಲು ಒಂದೊಂದೇ ಕೋಟೆಗೆ ಕೈಹಾಕಿದ. ಜುಲೈ 14ರ ಸಂಜೆ ಕುಂದಗೋಳ ಬಿತ್ತು. ಧೋಂಡಿಯಾನ ಜನ ಶಿರಹಟ್ಟಿಯನ್ನು ಮುತ್ತಿ ಕುಳಿತಿದ್ದರು. ದಂಡು ಬರುವ ಸುದ್ದಿ ಕೇಳಿ ಮುತ್ತಿಗೆ ತೆಗೆದರು. ಮೊದಲ ಆಸರೆಯಾಗಿದ್ದ ಲಕ್ಷ್ಮೇಶ್ವರವನ್ನೂ ಬಿಟ್ಟು ಹೋದರು.

ಆ ದಿನಗಳಲ್ಲಿ ಹಳ್ಳಿಯ ಗತಿ ಏನಿತ್ತೆಂಬುದನ್ನು ಸೇನಾಪತಿಗಳ ಕಾಗದಗಳು ಹೇಳುವುದಿಲ್ಲ. ಹಗೇವು ಹೇಳುತ್ತದೆ. ನಮ್ಮ ಕಡೆ ಹಳೆಯ ಮನೆಗಳ ಮುಂದೆ, ಅಗಸೆಯ ಒಳಬದಿಗೆ, ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕಾಳಿನ ಹಗೇವುಗಳಿದ್ದವು. ಬಾಯಿ ಚಿಕ್ಕದು, ಒಡಲು ದೊಡ್ಡದು. ಒಳಗೆ ಹುಲ್ಲು, ಕಣಿಕೆ ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿ ಬಡಿದುಬಿಟ್ಟರೆ ಮೇಲೆ ನಡೆದಾಡುವವನಿಗೆ ಕೆಳಗೆ ವರ್ಷದ ಅನ್ನವಿದೆಯೆಂದು ಗೊತ್ತಾಗದು. ತೆರೆಯುವಾಗ ಒಳಗಿನ ಕೆಟ್ಟ ಗಾಳಿ ಆಳನ್ನು ಕೊಲ್ಲುವಷ್ಟು ಕಟುವಾಗಿರುತ್ತದೆ. ಅದಕ್ಕೆಂದೇ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ಬರಗಾಲಕ್ಕೆಂದು ಕಟ್ಟಿದ ಈ ವ್ಯವಸ್ಥೆ ದಂಡಿನ ಕಾಲಕ್ಕೂ ರಕ್ಷೆ. ಹಸಿದ ಸವಾರರಿಗೆ ಇದು ತಿಳಿಯದ್ದಲ್ಲ, ಅವರೂ ಇದೇ ನೆಲದ ಮಕ್ಕಳು. ಹಗೇವು ತೋರಿಸದ ಗೌಡನ ಬೆನ್ನಿನ ಮೇಲೆ ಬಾರುಕೋಲು ಆಡಿದ ಊರುಗಳು ಎಷ್ಟಿದ್ದವೋ! ಧೋಂಡಿಯಾನ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಅವನ ದಂಡು ಉಂಡ ಜೋಳ ಈ ಹಗೇವುಗಳದು, ಅದು ಮುಂದಿನ ಸುಗ್ಗಿಯವರೆಗೆ ಮಕ್ಕಳ ಬಾಯಿಗೆ ಬೀಳಬೇಕಾದದ್ದು.

ಜುಲೈ 26ರಂದು ಡಂಬಳ. ದೊಡ್ಡಬಸಪ್ಪನ ಗುಡಿಯ ಡಂಬಳ, ವಿಶಾಲ ಕೆರೆಯ ಡಂಬಳ, ಒಂದು ಕಾಲಕ್ಕೆ ಬೌದ್ಧರ ತಾರಾದೇವಿಗೆ ದತ್ತಿ ಬಿಟ್ಟ ಡಂಬಳ. ಚಾಲುಕ್ಯ ಶಿಲ್ಪಿಗಳು ನಕ್ಷತ್ರದಂತೆ ಕೋನ ಕೋನವಾಗಿ ಕಡೆದ ಆ ಗುಡಿ ಅಂದಿಗೆ ಏಳು ಶತಮಾನ ಕಂಡಿತ್ತು. ಕೋಟೆಯೊಳಗೆ ಸುಮಾರು 1,000 ಆಳು. ಕೋಟೆ ಗಟ್ಟಿಯಾಗಿತ್ತು, ಸುತ್ತ ಒಣ ಕಂದಕ. ಬಾಗಿಲು ತೆರೆಯಿರೆಂದು ಹೇಳಿಕಳಿಸಿದರೂ ಕಿಲ್ಲೇದಾರ ಒಪ್ಪಲಿಲ್ಲ. ಮೂರು ಕಡೆಯಿಂದ ಲಗ್ಗೆ ನಡೆಯಿತು. ಬಾಗಿಲ ಕಡೆ ಹೋದವರಿಗೆ ದಾರಿ ಸಿಗಲಿಲ್ಲ. ಉಳಿದೆರಡು ಕಡೆಯವರು ಕಂದಕಕ್ಕೆ ಇಳಿದು ಗೋಡೆಗೆ ಏಣಿ ಹಚ್ಚಿ ಮೇಲೇರಿದರು. ಎರೆಮಣ್ಣಿನ ಸೀಮೆಯಲ್ಲಿ ಆಷಾಢದ ಕೆಸರನ್ನು ಬಲ್ಲವರು ಊಹಿಸಬೇಕು: ಕಾಲಿಗೆ ಮೆತ್ತಿದ ಎರೆ ಒಂದೊಂದು ಹೆಜ್ಜೆಗೂ ದಪ್ಪವಾಗುತ್ತದೆ, ಆ ಕಾಲಿನಿಂದ ಏಣಿಯ ಮೆಟ್ಟಿಲು ಹತ್ತಬೇಕು, ಮೇಲಿನಿಂದ ಗುಂಡು. ಅಂದೇ ಡಂಬಳ ಬಿತ್ತು. ಆ ರಾತ್ರಿಯೇ ಗದಗಿನ ಕಾವಲಿನವರು ಕೋಟೆ ಖಾಲಿ ಮಾಡಿದರು, 27ರಂದು ಗದಗೂ ಕೈಸೇರಿತು. ಎರಡು ವಾರದಲ್ಲಿ ಉಭಯಲೋಕಾಧೀಶ್ವರನಿಗೆ ಈ ಲೋಕದಲ್ಲಿ ಕಾಲೂರಲು ಕೋಟೆ ಉಳಿಯಲಿಲ್ಲ.

ಧೋಂಡಿಯಾ ಸವದತ್ತಿಯ ಕಡೆ ಸರಿದು ಮಲಪ್ರಭೆಯ ದಡದಲ್ಲಿ ಮುನವಳ್ಳಿಯ ಎದುರು ಬೀಡುಬಿಟ್ಟಿದ್ದ. ಹೊಳೆ ತುಂಬಿತ್ತು. ತೋಪುಗಳನ್ನು ಆಚೆ ದಾಟಿಸಿದ್ದಾಗಿತ್ತು. ಜನ, ದನ, ಸಾಮಾನು ಇನ್ನೂ ಈಚೆಯೇ ಇದ್ದವು. ಜುಲೈ 30ರ ಮಧ್ಯಾಹ್ನ ವೆಲ್ಲೆಸ್ಲಿಯ ಕುದುರೆ ದಂಡು ಆ ಬೀಡಿನ ಮೇಲೆ ಬಿತ್ತು. ಆನೆ, ಒಂಟೆ, ಕುದುರೆ, ಎತ್ತು ಎಲ್ಲ ಸಿಕ್ಕವು. ಸುಮಾರು 5,000 ಜನ ಹೊಳೆಗೆ ತಳ್ಳಲ್ಪಟ್ಟರೆಂದು ಅಂದಾಜು. ದಂಡಿನ ಬೀಡೆಂದರೆ ಬರಿ ಸವಾರರಲ್ಲ. ಹೆಂಗಸರು, ಮಕ್ಕಳು, ಕುದುರೆ ಚಾಕರಿಯವರು, ಅಂಗಡಿ ಇಟ್ಟವರು, ಅಡಿಗೆಯವರು, ಎಲ್ಲರೂ ಇದ್ದ ಬೀಡು ಅದು. ಈ ಸಂಖ್ಯೆ ಓದಿದಾಗ ಕಣ್ಣೆದುರಿಗೆ ಬರುವುದು ವಿಜಯವಲ್ಲ, ಕೆಂಪುನೀರಿನ ಮೇಲೆ ತೇಲಿಹೋದ ಕಂಬಳಿ, ಬಿಂದಿಗೆ, ಮಕ್ಕಳ ತೊಟ್ಟಿಲು. ಸಂಜೆಯ ಹೊತ್ತಿಗೆ ಕೆಲವು ಸಿಪಾಯಿಗಳು ಈಜಿ ಆಚೆ ಹೋಗಿ ದೋಣಿ ತಂದರು, 6 ತೋಪುಗಳೂ ಹೋದವು.

ಆಗ ಧೋಂಡಿಯಾನ ಜನ ಹನಿಹನಿಯಾಗಿ ಕರಗತೊಡಗಿದರು. ಅವನು ಮಾತ್ರ ನಿಲ್ಲಲಿಲ್ಲ. ಮಲಪ್ರಭೆ ಹುಟ್ಟುವ ಕಡೆಗೆ, ಖಾನಾಪುರದ ಕಾಡಿನೊಳಗಿಂದ ಹೊಳೆಯನ್ನು ಸುತ್ತಿಬಳಸಿ ಆಚೆ ಹಾಯ್ದು, ಪೂರ್ವಕ್ಕೆ ನಿಜಾಮನ ಸೀಮೆಯತ್ತ ಓಡಿದ. ಆಗಸ್ಟ್ ಪೂರ್ತಿ ಈ ಬೆನ್ನಟ್ಟುವಿಕೆ ನಡೆಯಿತು. ಉತ್ತರದ ಕಡೆಯಿಂದ ಸ್ಟೀವನ್ಸನ್, ದಕ್ಷಿಣದಿಂದ ವೆಲ್ಲೆಸ್ಲಿ, ನಡುವೆ ಧೋಂಡಿಯಾ, ಸುತ್ತಲೂ ತುಂಬಿದ ಕೃಷ್ಣೆ, ಮಲಪ್ರಭೆ, ತುಂಗಭದ್ರೆ. ಅವನನ್ನು ಕಟ್ಟಿಹಾಕಿದ್ದು ನಮ್ಮ ನದಿಗಳೇ. ಎರಡು ಹೊಳೆಗಳ ನಡುವಿನ ರಾಯಚೂರು ಸೀಮೆಯಲ್ಲಿ, ಸೆಪ್ಟೆಂಬರ್ 10ರ ಬೆಳಿಗ್ಗೆ, ಕೋಣಗಲ್ಲು ಎಂಬಲ್ಲಿ ಎರಡು ದಂಡುಗಳು ಎದುರಾದವು. ರಾತ್ರಿಯಿಡೀ ಮಳೆ ಸುರಿದಿತ್ತು. ಧೋಂಡಿಯಾನ ಬಳಿ ಸುಮಾರು 5,000 ಕುದುರೆ ಉಳಿದಿದ್ದವು. ವೆಲ್ಲೆಸ್ಲಿಯ ಜೊತೆ ಗೋರಾ ಸವಾರರ ಎರಡು, ದೇಸಿ ಸವಾರರ ಎರಡು, ಹೀಗೆ ನಾಲ್ಕು ರಿಸಾಲೆಗಳಷ್ಟೇ. ಜನ ಕಡಿಮೆಯೆಂದು ನಾಲ್ಕನ್ನೂ ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಒಳ್ಳೆಯ ಜಾಗ ಹಿಡಿದು ಗಟ್ಟಿಯಾಗಿ ನಿಂತಿದ್ದನೆಂಬುದನ್ನು ಗೆದ್ದವನೇ ಬರೆದಿದ್ದಾನೆ. ಕುದುರೆಗೆ ಕುದುರೆ ಡಿಕ್ಕಿ ಹೊಡೆದ ಆ ನುಗ್ಗಾಟದಲ್ಲಿ ಸಾಲು ಮುರಿಯಿತು, ಧೋಂಡಿಯಾ ಬಿದ್ದ. ಹೆಣದ ಗುರುತು ಹಿಡಿದು, ಒಂದು ತೋಪಿನ ಮೇಲೆ ಕಟ್ಟಿ ಬೀಡಿಗೆ ತಂದರು.

ಹದಿನೈದು ವರ್ಷಗಳ ಬಳಿಕ, 1815ರ ಜೂನ್ 18ರಂದು, ಅದೇ ವೆಲ್ಲೆಸ್ಲಿ ವೆಲಿಂಗ್ಟನ್ ದೊರೆಯಾಗಿ ವಾಟರ್‌ಲೂ ಬಯಲಿನಲ್ಲಿ ನೆಪೋಲಿಯನ್ನನ ಎದುರು ನಿಂತಿದ್ದ. ಸಂಜೆಯಾಗುತ್ತ ಜರ್ಮನ್ ನಾಡಿನ ಪ್ರಷ್ಯಾದ ದಂಡಿನೊಡನೆ ಅವನ ನೆರವಿಗೆ ಬಂದವನು 72 ವರ್ಷದ ಫೀಲ್ಡ್ ಮಾರ್ಷಲ್ ಬ್ಲೂಖರ್. ಎರಡು ದಿನ ಮೊದಲು ಲಿನ್ಯಿ ಎಂಬಲ್ಲಿ ಸತ್ತ ಕುದುರೆಯ ಕೆಳಗೆ ಸಿಕ್ಕಿ ಜಜ್ಜಿಹೋಗಿದ್ದರೂ ಮುದುಕ ಮಾತಿಗೆ ತಪ್ಪಲಿಲ್ಲ. ಈ ಬ್ಲೂಖರನ ಬಾಳನ್ನು ಓದುವಾಗಲೆಲ್ಲ ನನಗೆ ಧೋಂಡಿಯಾ ನೆನಪಾಗುತ್ತಾನೆ. ಅವನೂ ಹಗುರ ಕುದುರೆ ದಂಡಿನ ಸವಾರನಾಗಿಯೇ ಹೊರಟವನು, ಅದೂ ಪ್ರಷ್ಯಾದ ವೈರಿ ಸ್ವೀಡನ್ನಿನ ಕಡೆಯಿಂದ. 1760ರಲ್ಲಿ ಸೆರೆಸಿಕ್ಕು ಪಕ್ಷ ಬದಲಿಸಿ ಪ್ರಷ್ಯಾದ ದಂಡಿಗೆ ಸೇರಿದ. ಅರಸನ ಕೋಪಕ್ಕೆ ತುತ್ತಾಗಿ 1773ರಲ್ಲಿ ಕೆಲಸ ಬಿಟ್ಟು ಹದಿನಾಲ್ಕು ವರ್ಷ ಹೊಲ ನೋಡಿಕೊಂಡಿದ್ದ, ಆ ಅರಸ ತೀರಿಕೊಂಡ ಮೇಲಷ್ಟೇ ಮರಳಿ ಬಂದ. ಸೋತರೂ ಬಿಡದ ಹಟ, ಮುಂದೆ ನುಗ್ಗುವ ಸ್ವಭಾವ, ಸವಾರರ ಪ್ರೀತಿ, ಇವೆಲ್ಲ ಇಬ್ಬರಲ್ಲೂ ಒಂದೇ. ಪಕ್ಷ ಬದಲಿಸಿದ ಆ ಸವಾರನ ಬೆನ್ನಿಗೆ ಒಂದು ರಾಜ್ಯ ನಿಂತಿತ್ತು: ತೆರಿಗೆ, ಖಜಾನೆ, ಸಂಬಳ, ಮದ್ದಿನ ಕಾರ್ಖಾನೆ. ನಮ್ಮವನ ಬೆನ್ನಿಗೆ ನಿಂತದ್ದು ಲೂಟಿಯ ಮೂಟೆ, ತೆರೆದ ಹಗೇವು. ಅವನಿಗೆ ಊರೂರಿನಲ್ಲಿ ಪ್ರತಿಮೆಗಳಾದವು. ಇವನಿಗೆ ತೋಪಿನ ಮೇಲೆ ಕಟ್ಟಿದ ಕೊನೆಯ ಪಯಣ.

ಕೋಣಗಲ್ಲಿನ ಬಯಲಿನಲ್ಲಿ, ಕೊಳ್ಳೆಯ ಸಾಮಾನಿನ ನಡುವೆ, ಸುಮಾರು 4 ವರ್ಷದ ಒಬ್ಬ ಹುಡುಗ ಸಿಕ್ಕಿದ. ಧೋಂಡಿಯಾನ ಮಗ ಅಥವಾ ಸಾಕುಮಗ, ಸಲಾಬತ್ ಖಾನ್. ಅವನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ತಂದೆಯನ್ನು ಕೊಂದ ದಳಪತಿ ಆ ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡು ಸಾಕಿದ. 1805ರಲ್ಲಿ ತಾನು ಹಿಂದುಸ್ಥಾನ ಬಿಡುವಾಗ ಹುಡುಗನ ಪೋಷಣೆಗೆಂದು ಕೆಲವು ನೂರು ಪೌಂಡುಗಳನ್ನು ಶ್ರೀರಂಗಪಟ್ಟಣದ ಅಧಿಕಾರಿಯ ಕೈಯಲ್ಲಿಟ್ಟು ಹೋದ. ಸಲಾಬತ್ ಖಾನ್ ಬೆಳೆದು ಚೆಲುವನಾದ, ಮೈಸೂರು ಮಹಾರಾಜರ ಚಾಕರಿಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.